ಸಾಕುಹಕ್ಕಿಗಳ ಲಿಂಗ ಗುರುತಿಸುವಿಕೆ

ಸಾಕಿದ ಹಕ್ಕಿ ಗಂಡೋ ಹೆಣ್ಣೋ ಎಂಬುದನ್ನು ಪುಕ್ಕ, ಜುಟ್ಟು, ಕೊಕ್ಕು, ಕೂಗು, ನಡವಳಿಕೆ ಅಥವಾ ಪ್ರಯೋಗಾಲಯದ ಪರೀಕ್ಷೆಯ ಮೂಲಕ ನಿರ್ಧರಿಸುವ ಕ್ರಮ. ಬಹುತೇಕ ಹಕ್ಕಿಗಳಲ್ಲಿ ಜನನಾಂಗ ಹೊರಗೆ ಕಾಣುವುದಿಲ್ಲ. ವೃಷಣವಾಗಲಿ ಅಂಡಾಶಯವಾಗಲಿ ಒಡಲೊಳಗೆ ಮೂತ್ರಪಿಂಡದ ಬಳಿ ಇರುತ್ತದೆ. ಮಲ, ಮೂತ್ರ, ಮೊಟ್ಟೆ ಎಲ್ಲಕ್ಕೂ ಹೊರದಾರಿ ಒಂದೇ. ಆದ್ದರಿಂದ ಗುರುತಿಸುವಿಕೆ ಹೊರಚಿಹ್ನೆಗಳನ್ನು ಅವಲಂಬಿಸುತ್ತದೆ. ಈ ಚಿಹ್ನೆಗಳು ಜಾತಿ, ತಳಿ ಮತ್ತು ವಯಸ್ಸಿಗೆ ತಕ್ಕಂತೆ ಬದಲಾಗುತ್ತವೆ. ತುಮಕೂರು ಜಿಲ್ಲೆಯಲ್ಲಿ, ಕೊರಟಗೆರೆ ತಾಲ್ಲೂಕಿನ ಸಿದ್ದರಬೆಟ್ಟದ ಆಸುಪಾಸಿನಿಂದ ಮಧುಗಿರಿ, ಶಿರಾ, ಪಾವಗಡಗಳವರೆಗಿನ ಬಯಲುಸೀಮೆಯ ಹಳ್ಳಿಗಳಲ್ಲಿ ಈ ಪ್ರಶ್ನೆ ಮುಖ್ಯವಾಗಿ ನಾಟಿಕೋಳಿಯದು. ಪೇಟೆಗಳಲ್ಲಿ ಪಂಜರದ ಹಕ್ಕಿಗಳದ್ದೂ ಹೌದು.

ಜೈವಿಕ ಹಿನ್ನೆಲೆ

ಹಕ್ಕಿಗಳಲ್ಲಿ ಗಂಡಿಗೆ ಎರಡು ಜೆಡ್ ವರ್ಣತಂತುಗಳು, ಹೆಣ್ಣಿಗೆ ಒಂದು ಜೆಡ್ ಮತ್ತು ಒಂದು ಡಬ್ಲ್ಯೂ. ಮರಿಯ ಲಿಂಗವನ್ನು ತಾಯಿಯ ಅಂಡವೇ ನಿಶ್ಚಯಿಸುತ್ತದೆ. ಮನುಷ್ಯರಲ್ಲಿ ಈ ಪಾತ್ರ ತಂದೆಯ ವೀರ್ಯಾಣುವಿನದು. ಕೋಳಿಯೂ ಸೇರಿದಂತೆ ಹೆಚ್ಚಿನ ಜಾತಿಗಳ ಹೆಣ್ಣಿನಲ್ಲಿ ಎಡ ಅಂಡಾಶಯವೊಂದೇ ಬೆಳೆದು ಕೆಲಸ ಮಾಡುತ್ತದೆ. ಕೋಳಿಯಲ್ಲಿ ಹೆಣ್ಣಿನ ಮಾಸಲು ಪುಕ್ಕಕ್ಕೆ ಈಸ್ಟ್ರೋಜನ್ ಕಾರಣ. ಆ ಹಾರ್ಮೋನು ಇಲ್ಲದಿದ್ದರೆ ಹುಂಜದ ಮಾದರಿಯ ಪುಕ್ಕವೇ ಮೂಡುತ್ತದೆ. ಜುಟ್ಟು ಕೆಂಪೇರಿ ದೊಡ್ಡದಾಗಲು ಮಾತ್ರ ವೃಷಣದ ಹಾರ್ಮೋನು ಬೇಕು. ಅದಕ್ಕೇ ಬೀಜ ತೆಗೆದ ಹುಂಜದ ಜುಟ್ಟು ಕುಗ್ಗಿದರೂ ಬಾಲದ ಸೊಗಸು ಉಳಿಯುತ್ತದೆ.

ಎಡ ಅಂಡಾಶಯ ರೋಗದಿಂದ ಹಾಳಾದರೆ ಬಲಗಡೆಯ ಮೊಳಕೆಯಂಗ ವೃಷಣವನ್ನು ಹೋಲುವ ರೂಪದಲ್ಲಿ ಬೆಳೆಯುವುದುಂಟು. ಆಗ ಮೊಟ್ಟೆಯಿಡುತ್ತಿದ್ದ ಹೇಂಟೆಗೆ ಜುಟ್ಟು ಬಲಿತು, ಅದು ಹುಂಜದಂತೆ ಕೂಗಲೂಬಹುದು. ಹಳ್ಳಿಗಳಲ್ಲಿ ಅಪಶಕುನವೆಂದು ಬಗೆಯುವ ಹೇಂಟೆಯ ಕೂಗಿಗೆ ಶರೀರಶಾಸ್ತ್ರದ ಒಂದು ವಿವರಣೆ ಇದು. ಇಂಥ ಹಕ್ಕಿಯ ವರ್ಣತಂತುಗಳು ಮಾತ್ರ ಹೆಣ್ಣಿನವೇ ಆಗಿರುತ್ತವೆ.

ನಾಟಿಕೋಳಿ

ಅದೇ ತಾನೇ ಒಡೆದ ನಾಟಿಮರಿಯಲ್ಲಿ ಹುಂಜ, ಹೇಂಟೆ ಎಂದು ಬರಿಗಣ್ಣಿಗೆ ಹೇಳುವುದು ಕಷ್ಟ. ಐದಾರು ವಾರಗಳ ನಂತರ ಗಂಡುಮರಿಯ ಜುಟ್ಟು ಮತ್ತು ಗದ್ದದ ಜೋಲು ಬೇಗ ಕೆಂಪಾಗುತ್ತವೆ, ಕಾಲು ದಪ್ಪವಾಗುತ್ತದೆ. ಮೂರು ತಿಂಗಳ ಹೊತ್ತಿಗೆ ಕತ್ತಿನ ಮತ್ತು ಸೊಂಟದ ಗರಿಗಳನ್ನು ನೋಡಬೇಕು: ಹುಂಜದಲ್ಲಿ ಅವು ಉದ್ದವಾಗಿ, ಹೊಳೆಯುತ್ತ, ತುದಿ ಚೂಪಾಗಿರುತ್ತವೆ, ಹೇಂಟೆಯಲ್ಲಿ ತುದಿ ದುಂಡಗಿರುತ್ತದೆ. ಕುಡಗೋಲಿನಂತೆ ಬಾಗಿದ ಬಾಲದ ಗರಿ, ಕಾಲಿನ ಮುಳ್ಳು, ಕೂಗು ಆಮೇಲೆ ಬರುತ್ತವೆ. ಮುಳ್ಳೊಂದನ್ನೇ ನಂಬುವಂತಿಲ್ಲ, ಕೆಲವು ಮುದಿ ಹೇಂಟೆಗಳಿಗೂ ಅದು ಮೂಡುತ್ತದೆ. ಮರಿಗಳು ಎದೆಗೆ ಎದೆ ಕೊಟ್ಟು ಕಾದಾಡುವುದೂ ಖಚಿತ ಗುರುತಲ್ಲ, ಹೆಣ್ಣುಮರಿಗಳೂ ಹಾಗೆ ಆಡುತ್ತವೆ.

ಮೊಟ್ಟೆಕೇಂದ್ರಗಳಲ್ಲಿ ಒಂದು ದಿನದ ಮರಿಯನ್ನೇ ವಿಂಗಡಿಸಬೇಕಾಗುತ್ತದೆ. ಮರಿಯ ಗುದದ್ವಾರವನ್ನು ಮೆಲ್ಲಗೆ ಒತ್ತಿ ಒಳಗಿನ ಸಣ್ಣ ಗುಬುಟನ್ನು ಪರೀಕ್ಷಿಸುವ ಕ್ರಮವನ್ನು ಜಪಾನಿನ ವಿಜ್ಞಾನಿಗಳು 1920ರ ದಶಕದಲ್ಲಿ ರೂಪಿಸಿದರು. ಇದಕ್ಕೆ ದೀರ್ಘ ತರಬೇತಿ ಬೇಕು. ಪಳಗದ ಕೈಯಲ್ಲಿ ಮರಿಗೆ ಗಾಯವಾಗುತ್ತದೆ. ಇನ್ನೊಂದು ಕ್ರಮ ರೆಕ್ಕೆಯ ಗರಿ ನೋಡುವುದು. ಬೇಗ ಗರಿ ಬರುವ ತಳಿಯ ಹುಂಜವನ್ನು ನಿಧಾನವಾಗಿ ಗರಿ ಬರುವ ತಳಿಯ ಹೇಂಟೆಯೊಡನೆ ಕೂಡಿಸಿದರೆ ಹೆಣ್ಣುಮರಿಗಳ ರೆಕ್ಕೆಗರಿ ಬೇಗ ಉದ್ದವಾಗುತ್ತದೆ. ಉದ್ದೇಶಪೂರ್ವಕವಾಗಿ ಕೂಡಿಸಿದ ತಳಿಗಳ ಮರಿಗಳಿಗೆ ಮಾತ್ರ ಇದು ಅನ್ವಯ. ಹಿತ್ತಲಲ್ಲಿ ಹಲವು ತಳಿ ಬೆರೆತ ನಾಟಿಕೋಳಿಗೆ, ಅಥವಾ ಬೆಂಗಳೂರಿನಲ್ಲಿ ಅಭಿವೃದ್ಧಿಯಾದ ಗಿರಿರಾಜ ಕೋಳಿಯೊಡನೆ ಬೆರೆತು ಹುಟ್ಟಿದ ಮರಿಗೆ ಈ ಲೆಕ್ಕ ಹಿಡಿಯದು.

ಇತರ ಅಂಗಳದ ಹಕ್ಕಿಗಳು

ಗಿನಿಕೋಳಿಯ ಗಂಡುಹೆಣ್ಣುಗಳ ಪುಕ್ಕ ಒಂದೇ ಬಗೆ. ಇಲ್ಲಿ ಕಿವಿಯೇ ಆಧಾರ: ಎರಡು ಸ್ವರಗಳನ್ನು ಜೋಡಿಸಿ ಮತ್ತೆ ಮತ್ತೆ ಕೂಗುವುದು ಹೆಣ್ಣು. ಟರ್ಕಿಯ ಗಂಡು ಬಾಲವನ್ನು ಬೀಸಣಿಗೆಯಾಗಿ ಬಿಚ್ಚುತ್ತದೆ, ಕೊಕ್ಕಿನ ಮೇಲಿನ ಜೋಲು ಅದರಲ್ಲಿ ಉದ್ದ. ಬಾತುಕೋಳಿಗಳಲ್ಲಿ ಬಲವಾಗಿ ಕ್ವಾಕ್ ಎನ್ನುವುದು ಹೆಣ್ಣು. ಗಂಡಿನ ದನಿ ಗೊಗ್ಗರು, ಬಾಲದ ಮೇಲೆ ಒಂದೆರಡು ಗರಿ ಸುರುಳಿಯಾಗಿರುತ್ತದೆ. ಮಸ್ಕೋವಿ ಬಾತಿಗೆ ಈ ಸುರುಳಿ ಇಲ್ಲ.

ಪಾರಿವಾಳದ ಗಂಡುಹೆಣ್ಣುಗಳು ಬಹುಮಟ್ಟಿಗೆ ಒಂದೇ ರೂಪ. ಕತ್ತು ಉಬ್ಬಿಸಿ, ಗುಟುರು ಹಾಕುತ್ತ ಸುತ್ತು ತಿರುಗುವುದು ಸಾಮಾನ್ಯವಾಗಿ ಗಂಡು. ಪಾರಿವಾಳ ಒಂದು ಸೂಲಿಗೆ ಎರಡೇ ಮೊಟ್ಟೆಯಿಡುವುದರಿಂದ, ಜೋಡಿಯ ಗೂಡಿನಲ್ಲಿ ಒಮ್ಮೆಗೇ ಮೂರು ನಾಲ್ಕು ಮೊಟ್ಟೆ ಕಂಡರೆ ಎರಡೂ ಹೆಣ್ಣೆಂದು ಊಹಿಸಬಹುದು. ಗಂಡಿಲ್ಲದೆ ಇಟ್ಟ ಮೊಟ್ಟೆ ಮರಿಯಾಗದು.

ಪಂಜರದ ಹಕ್ಕಿಗಳು

ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಬಡ್ಜರಿಗರ್‌ನಲ್ಲಿ ಮೂಗಿನ ಹೊಳ್ಳೆಗಳ ಸುತ್ತಲಿನ ಮೇಣದಂಥ ಚರ್ಮವೇ ಗುರುತು. ಬಲಿತ ಗಂಡಿನಲ್ಲಿ ಅದು ಸಾಮಾನ್ಯವಾಗಿ ನೀಲಿ. ಹೆಣ್ಣಿನಲ್ಲಿ ಮಾಸಲು ಬಿಳಿ ಅಥವಾ ತಿಳಿಕಂದು. ಮರಿ ಮಾಡುವ ಕಾಲದಲ್ಲಿ ಕಡುಕಂದಾಗಿ ಒರಟಾಗುತ್ತದೆ. ಎಳೆಯ ಗಂಡಿನಲ್ಲಿ ಇಡಿಯಾಗಿ ಗುಲಾಬಿ-ನೇರಳೆ. ಎಳೆಯ ಹೆಣ್ಣಿನಲ್ಲಿ ಹೊಳ್ಳೆಗಳ ಸುತ್ತ ಬಿಳಿಯ ಬಳೆ. ಬಿಳಿ ಮತ್ತು ಹಳದಿ ಬಣ್ಣದ ಕೆಂಗಣ್ಣಿನ ತಳಿಗಳ ಗಂಡಿನಲ್ಲಿ ನೀಲಿ ಬಾರದೆ ಗುಲಾಬಿಯೇ ಉಳಿಯುವುದರಿಂದ ಅವನ್ನು ಹೆಣ್ಣೆಂದು ಮಾರುವುದೂ ಕೊಳ್ಳುವುದೂ ನಡೆಯುತ್ತದೆ. ಆಫ್ರಿಕಾ ಮೂಲದ ನಿಜವಾದ ಲವ್ ಬರ್ಡ್‌ಗಳ ಸಾಮಾನ್ಯ ಜಾತಿಗಳಲ್ಲಿ ಹೊರಗುರುತೇ ಇಲ್ಲ.

ಬೂದುಬಣ್ಣದ ಕಾಕಟೀಲ್‌ನ ಬಲಿತ ಗಂಡಿಗೆ ಮುಖ ಅಚ್ಚ ಹಳದಿ. ಹೆಣ್ಣಿನ ಬಾಲದಡಿ ಪಟ್ಟೆಗಳಿರುತ್ತವೆ. ಮೊದಲ ಪುಕ್ಕ ಉದುರುವ ತನಕ ಗಂಡೂ ಹೆಣ್ಣಿನಂತೆಯೇ ಇರುತ್ತದೆ. ಜೀಬ್ರಾ ಫಿಂಚ್‌ನ ಗಂಡಿಗೆ ಕಿತ್ತಳೆ ಕೆನ್ನೆ, ಪಕ್ಕೆಯಲ್ಲಿ ಬಿಳಿ ಚುಕ್ಕೆ. ಎಕ್ಲೆಕ್ಟಸ್ ಗಿಳಿಯ ಗಂಡು ಹಸಿರು, ಹೆಣ್ಣು ಕೆಂಪು. ಹಿಂದೆ ಇವೆರಡನ್ನೂ ಬೇರೆ ಬೇರೆ ಜಾತಿಗಳೆಂದೇ ಎಣಿಸಿದ್ದರು.

ಕಾಡುಹಕ್ಕಿಗಳು ಮತ್ತು ಕಾನೂನು

ನಮ್ಮ ಹಸಿರು ಗಿಳಿಯ ಗಂಡಿಗೆ ಕತ್ತಿನಲ್ಲಿ ಕಪ್ಪು-ಗುಲಾಬಿ ಪಟ್ಟಿ ಇದೆ. ಆದರೆ ಅದು ಪೂರ್ತಿ ಮೂಡಲು ಸುಮಾರು ಮೂರು ವರ್ಷ ಹಿಡಿಯುವುದರಿಂದ, ಪಟ್ಟಿ ಇಲ್ಲದ್ದೆಲ್ಲ ಹೆಣ್ಣಲ್ಲ. ಈ ಗಿಳಿ, ಮುನಿಯ, ನವಿಲುಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹಿಡಿಯುವುದೂ ಮಾರುವುದೂ ಸಾಕುವುದೂ ಅಪರಾಧ. ಅವುಗಳ ಗುರುತು ನೋಡಿ ತಿಳಿಯುವುದಕ್ಕಷ್ಟೆ. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆಮರಗಳಲ್ಲಿ ಗೂಡುಕಟ್ಟುವ ಬಣ್ಣದ ಕೊಕ್ಕರೆಗಳಲ್ಲಿ ಗಂಡುಹೆಣ್ಣುಗಳ ಬಣ್ಣ ಒಂದೇ, ಗಂಡು ತುಸು ದೊಡ್ಡದು.

ಖಚಿತ ಪರೀಕ್ಷೆಗಳು

ಹೊರಗುರುತು ಇಲ್ಲದ ಜಾತಿಗಳಿಗೆ ಡಿಎನ್‌ಎ ಪರೀಕ್ಷೆ ಸುರಕ್ಷಿತ ದಾರಿ. ಸಿಎಚ್‌ಡಿ ಎಂಬ ಜೀನ್ ಜೆಡ್ ಮತ್ತು ಡಬ್ಲ್ಯೂ ಎರಡರಲ್ಲೂ ಇದ್ದು, ಅದರ ಒಂದು ಭಾಗದ ಉದ್ದ ಎರಡರಲ್ಲೂ ಬೇರೆ. ಪರೀಕ್ಷೆಯಲ್ಲಿ ಗಂಡಿಗೆ ಒಂದು ಪಟ್ಟೆ, ಹೆಣ್ಣಿಗೆ ಎರಡು ಪಟ್ಟೆ ಕಾಣುತ್ತದೆ. ರಿಚರ್ಡ್ ಗ್ರಿಫಿತ್ಸ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಈ ವಿಧಾನ ಬಹುತೇಕ ಹಕ್ಕಿಗಳಿಗೆ ಒಗ್ಗುತ್ತದೆ. ಉಷ್ಟ್ರಪಕ್ಷಿ, ಎಮುಗಳಂಥವಕ್ಕೆ ಬೇರೆ ಪರೀಕ್ಷೆ ಬೇಕು. ಒಂದು ತೊಟ್ಟು ರಕ್ತ ಅಥವಾ ಹೊಸದಾಗಿ ಕಿತ್ತ ಗರಿಯ ಬುಡ ಸಾಕು. ತಾನಾಗಿ ಉದುರಿದ ಗರಿಯಲ್ಲಿ ಜೀವಕೋಶ ಕಡಿಮೆ, ಬೇರೆ ಹಕ್ಕಿಯ ಗರಿ ಬೆರೆಯುವ ಭಯವೂ ಉಂಟು. ಅರಿವಳಿಕೆ ಕೊಟ್ಟು ದರ್ಶಕನಳಿಗೆ ತೂರಿಸಿ ಒಳಗಿನ ಅಂಗವನ್ನೇ ನೋಡುವ ಕ್ರಮದಲ್ಲಿ ಹಕ್ಕಿಗೆ ಅಪಾಯ ಹೆಚ್ಚು. ಆದರೆ ಅಂಡಾಶಯ ಅಥವಾ ವೃಷಣ ಆರೋಗ್ಯವಾಗಿದೆಯೇ ಎಂಬುದೂ ಅದರಲ್ಲಿ ತಿಳಿಯುತ್ತದೆ. ಡಿಎನ್‌ಎ ಇದನ್ನು ಹೇಳಲಾರದು.