ಸಹಶಿಕ್ಷಣವೋ, ಪ್ರತ್ಯೇಕ ಶಿಕ್ಷಣವೋ? ನಮ್ಮ ನಾಲ್ಕು ತಾಲ್ಲೂಕುಗಳ ಅನುಭವ

ಧರ್ಮಕೇಂದ್ರವೊಂದರ ನೂರು ವರ್ಷಗಳ ಇತಿಹಾಸವನ್ನು ಬರೆಯುವಾಗ ದೇವಾಲಯದ ಗೋಡೆ ಎದ್ದ ಬಗೆ, ಸೇವೆ ಸಲ್ಲಿಸಿದ ಗುರುಗಳ ನಾಮಾವಳಿ, ಹಬ್ಬಗಳ ವೈಭವ ಇವುಗಳನ್ನು ಸ್ಮರಿಸುವುದು ವಾಡಿಕೆ. ಆದರೆ ಸಮುದಾಯವೊಂದರ ಬಾಳು ಎಷ್ಟು ಬೆಳಗಿತೆಂಬುದನ್ನು ಅರಿಯಬೇಕಾದರೆ, ಅದರ ಹೆಣ್ಣುಮಕ್ಕಳು ಎಲ್ಲಿಯವರೆಗೆ ಓದಿದರೆಂದು ಕೇಳಬೇಕು. ಗಂಡು ಹೆಣ್ಣು ಮಕ್ಕಳು ಒಂದೇ ಶಾಲೆಯಲ್ಲಿ ಕಲಿಯುವುದು ಲೇಸೋ, ಬೇರೆಬೇರೆಯಾಗಿ ಕಲಿಯುವುದು ಲೇಸೋ ಎಂದು ತಂದೆತಾಯಂದಿರು ಇಂದಿಗೂ ನಮ್ಮನ್ನು ಕೇಳುವುದುಂಟು. ಆ ಪ್ರಶ್ನೆಯ ಹಿಂದಿನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನಿವೇದಿಸುತ್ತೇವೆ.

ಈ ವಿಷಯದಲ್ಲಿ ಧರ್ಮಸಭೆಯ ಹಿಂದಿನ ನಿಲುವು ಸ್ಪಷ್ಟವಾಗಿತ್ತು. ಜಗದ್ಗುರು ಹನ್ನೊಂದನೆಯ ಪಿಯುಸರು 1929ರ ಡಿಸೆಂಬರ್ 31ರಂದು ಹೊರಡಿಸಿದ ಶಿಕ್ಷಣ ಕುರಿತಾದ ವಿಶ್ವಪತ್ರದಲ್ಲಿ ಸಹಶಿಕ್ಷಣ ಪದ್ಧತಿಯನ್ನು ತಪ್ಪೆಂದೂ ಹಾನಿಕರವೆಂದೂ ಖಂಡಿಸಿದರು. ಸ್ತ್ರೀಪುರುಷರ ಪ್ರಕೃತಿ ಭಿನ್ನವಾದುದು, ಹದಿಹರೆಯದಲ್ಲಿ ಎಚ್ಚರಿಕೆ ಅಗತ್ಯ ಎಂಬುದು ಅವರ ವಾದದ ತಿರುಳು. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಪ್ರಕಟಿಸಿದ ಶಿಕ್ಷಣ ಘೋಷಣೆಯಲ್ಲಿ ಆ ಖಂಡನೆ ಕಾಣುವುದಿಲ್ಲ. ಗಂಡು ಹೆಣ್ಣಿನ ಭೇದವನ್ನು ಗಮನದಲ್ಲಿಟ್ಟು ಬೋಧಿಸಬೇಕೆಂಬ ವಿವೇಕವನ್ನು ಅದು ಉಳಿಸಿಕೊಂಡಿತು. ಶಿಕ್ಷಣವು ಸಕಲರ ಹಕ್ಕೆಂಬುದನ್ನು ಎತ್ತಿ ಹೇಳಿತು.

ಪ್ರತ್ಯೇಕ ಶಾಲೆಗಳಿಂದ ಕನ್ನಡ ನಾಡಿಗಾದ ಉಪಕಾರವನ್ನು ಮರೆಯುವಂತಿಲ್ಲ. 1870ರಲ್ಲಿ ಮಂಗಳೂರಿಗೆ ಬಂದಿಳಿದ ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಸಂತ ಆನ್ನಳ ಹೆಸರಿನ ಶಾಲೆಯನ್ನು ನಡೆಸಿದರು. 1921ರಲ್ಲಿ ಅದೇ ಸಭೆಯಿಂದ ಸಂತ ಆಗ್ನೆಸ್ ಮಹಿಳಾ ಕಾಲೇಜು ಉದಯಿಸಿತು. ಮಗಳನ್ನು ಹೊಸ್ತಿಲು ದಾಟಿಸಲು ಅಂಜುತ್ತಿದ್ದ ಮನೆತನಗಳು ಭಗಿನಿಯರ ವಶಕ್ಕೆ ಅವಳನ್ನು ನಿಶ್ಚಿಂತೆಯಿಂದ ಒಪ್ಪಿಸಿದವು. ಅಲ್ಲಿ ತರಗತಿಯ ಮುಂದಾಳು ಹುಡುಗಿಯೇ, ಗಣಿತದಲ್ಲಿ ಮೊದಲಿಗಳೂ ಹುಡುಗಿಯೇ. ಇದು ಪ್ರತ್ಯೇಕ ಶಿಕ್ಷಣದ ದೊಡ್ಡ ಗುಣ.

ಆದರೆ ಆ ಕರಾವಳಿಯ ಭಾಗ್ಯ ನಮ್ಮ ಬಯಲುಸೀಮೆಗೆ ಇರಲಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು 1948ರ ಸೆಪ್ಟೆಂಬರಿನವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕೊಪ್ಪಳವು ಸಾಲಾರ್ ಜಂಗರ ಜಹಗೀರು. ಆಡಳಿತದ ಭಾಷೆ ಉರ್ದು, ಮೇಲಿನ ಶಿಕ್ಷಣದ ಭಾಷೆಯೂ ಅದೇ. ಮನೆಯಲ್ಲಿ ಕನ್ನಡವಾಡುವ ಬಡ ರೈತನ ಮಗನಿಗೇ ಶಾಲೆ ದೂರವಾಗಿರುವಾಗ ಮಗಳ ಮಾತೆಲ್ಲಿ? 1956ರ ನವೆಂಬರ್ 1ರಂದು ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಹಳ್ಳಿಹಳ್ಳಿಗೆ ಕನ್ನಡ ಶಾಲೆಗಳು ಬಂದವು. ನೂರಿನ್ನೂರು ಮನೆಗಳ ಊರಿನಲ್ಲಿ ಎರಡು ಶಾಲೆ ನಡೆಸಲು ಶಿಕ್ಷಕರೂ ಇಲ್ಲ, ಕಟ್ಟಡವೂ ಇಲ್ಲ. ಹೀಗೆ ಸಹಶಿಕ್ಷಣವು ನಮ್ಮಲ್ಲಿಗೆ ಸಿದ್ಧಾಂತವಾಗಿ ಬರಲಿಲ್ಲ, ಅನಿವಾರ್ಯತೆಯಾಗಿ ಬಂತು. 1960ರ ದಶಕದ ಆದಿಯಲ್ಲಿ ಶ್ರೀಮತಿ ಹಂಸಾ ಮೆಹ್ತಾ ಅವರ ಸಮಿತಿಯೂ ಪ್ರಾಥಮಿಕ ಹಂತದಲ್ಲಿ ಸಹಶಿಕ್ಷಣವನ್ನೇ ಸಾಮಾನ್ಯ ಕ್ರಮವಾಗಿ ಒಪ್ಪಿ, ಮೇಲಿನ ಹಂತಗಳಲ್ಲಿ ಆಯ್ಕೆಯನ್ನು ಪಾಲಕರಿಗೂ ಆಡಳಿತ ಮಂಡಳಿಗಳಿಗೂ ಬಿಟ್ಟಿತು.

ತೊಡಕು ಆರಂಭವಾದದ್ದು ಏಳನೆಯ ತರಗತಿಯ ನಂತರ. ಪ್ರೌಢಶಾಲೆ ಪಕ್ಕದ ಊರಿನಲ್ಲಿ, ದಾರಿ ನಿರ್ಜನ, ಶಾಲೆಯಲ್ಲಿ ಶಿಕ್ಷಕಿಯಿಲ್ಲ, ಶೌಚಾಲಯವಿಲ್ಲ. ತುಂಗಭದ್ರೆಯ ಕಾಲುವೆ ಹರಿದ ಗಂಗಾವತಿಯ ಗದ್ದೆಗಳಲ್ಲಿ ನಾಟಿಗೆ ಹೆಣ್ಣಾಳು ಬೇಕು. ಮಳೆ ಕೈಕೊಟ್ಟ ಕುಷ್ಟಗಿ, ಯಲಬುರ್ಗಾಗಳಲ್ಲಿ ಸಂಸಾರವೇ ಗುಳೆ ಹೋಗಬೇಕು. ಇಷ್ಟರ ನಡುವೆ ‘ಗಂಡುಹುಡುಗರ ಶಾಲೆ’ ಎಂಬ ನೆಪ ಸುಲಭವಾಗಿ ಸಿಗುತ್ತಿತ್ತು.

ಇಲ್ಲಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಗುರುದೀಕ್ಷೆ ಪಡೆದ ಮೊದಲ ವರ್ಷಗಳಲ್ಲಿ ಹಳ್ಳಿಯೊಂದರಲ್ಲಿ ಏಳನೆಯ ತರಗತಿಯನ್ನು ಚೆನ್ನಾಗಿ ಮುಗಿಸಿದ ಬಾಲಕಿಯ ತಂದೆ ನಮ್ಮ ಬಳಿ ಬಂದು, “ಗಂಡ್ ಹುಡುಗ್ರ ಜೋಡಿ ಕಳ್ಸಂಗಿಲ್ರಿ ಫಾದರ್, ನೀವೇನಂತೀರಿ?” ಎಂದರು. ಗುರುಮಠದಲ್ಲಿ ಓದಿದ್ದ ಹಳೆಯ ಬೋಧೆ ನೆನಪಾಗಿ ನಾವು ತಲೆಯಾಡಿಸಿದೆವು. ಕೆಲವು ವರ್ಷಗಳ ತರುವಾಯ ಬಲಿಪೂಜೆಯಲ್ಲಿ ವಾಚನ ಓದಲು ಅವಳನ್ನೇ ಕರೆದಾಗ, “ಅಕ್ಷರ ಮರ್ತಾವ್ರಿ ಫಾದರ್” ಎಂದು ಆಕೆ ಹಿಂದೆ ಸರಿದಳು. ಅವಳ ಶೀಲವನ್ನು ರಕ್ಷಿಸಿದೆವೆಂದು ಭಾವಿಸಿದ್ದ ನಾವು, ಅವಳ ಕೈಯಿಂದ ಶುಭಸಂದೇಶವನ್ನೇ ಕಿತ್ತುಕೊಂಡಿದ್ದೆವು.

ಲೆಕ್ಕಗಳೂ ಇದೇ ಕಥೆಯನ್ನು ಹೇಳುತ್ತವೆ. 1997ರಲ್ಲಿ ರಚನೆಯಾದ ಕೊಪ್ಪಳ ಜಿಲ್ಲೆಯಲ್ಲಿ 2001ರ ಜನಗಣತಿಯಂತೆ ಗಂಡಸರಲ್ಲಿ ನೂರಕ್ಕೆ ಸುಮಾರು 68 ಮಂದಿ ಅಕ್ಷರಸ್ಥರು, ಹೆಂಗಸರಲ್ಲಿ ಸುಮಾರು 40 ಮಾತ್ರ. 2011ರಲ್ಲಿ ಇವು ಸುಮಾರು 78 ಮತ್ತು 57ಕ್ಕೆ ಏರಿದವು. ಈ ಏರಿಕೆಯ ಕಾಲದಲ್ಲಿ ನಡೆದದ್ದೇನು? 2002ರಲ್ಲಿ ನಮ್ಮ ಜಿಲ್ಲೆಯೂ ಸೇರಿದಂತೆ ಈಶಾನ್ಯ ಭಾಗದಲ್ಲಿ ಮಧ್ಯಾಹ್ನದ ಬಿಸಿಯೂಟ ಮೊದಲಾಯಿತು. 2004ರಲ್ಲಿ ಹಿಂದುಳಿದ ತಾಲ್ಲೂಕುಗಳ ಬಾಲಕಿಯರಿಗೆಂದು ಕಸ್ತೂರಬಾ ಗಾಂಧಿ ವಸತಿ ಶಾಲೆಗಳ ಯೋಜನೆ ಬಂತು. 2006–07ರಿಂದ ಎಂಟನೆಯ ತರಗತಿಯ ಹುಡುಗಿಯರಿಗೆ ಸೈಕಲ್ ದೊರೆಯಿತು. ಇವುಗಳಲ್ಲಿ ಒಂದು ಪ್ರತ್ಯೇಕ ಶಾಲೆಯ ಮಾರ್ಗ, ಮತ್ತೊಂದು ಮಿಶ್ರ ಶಾಲೆಯ ದಾರಿಯನ್ನು ಹತ್ತಿರಗೊಳಿಸಿದ ಮಾರ್ಗ. ಎರಡೂ ಬೇಕಾದವು.

ಹೊರದೇಶಗಳ ವಿದ್ವಾಂಸರು 2014ರಲ್ಲಿ 21 ರಾಷ್ಟ್ರಗಳ 184 ಅಧ್ಯಯನಗಳನ್ನು ತುಲನೆ ಮಾಡಿ ನೋಡಿದಾಗ, ಮಕ್ಕಳ ಮನೆಯ ಹಿನ್ನೆಲೆಯನ್ನು ಸರಿದೂಗಿಸಿದ ಮೇಲೆ ಪ್ರತ್ಯೇಕ ಶಾಲೆಯಿಂದ ಕಲಿಕೆಗೆ ವಿಶೇಷ ಲಾಭ ಕಾಣಲಿಲ್ಲ. ಪರಸ್ಪರ ಗೌರವವನ್ನು ಅಭ್ಯಾಸ ಮಾಡಲು ಮಿಶ್ರ ಶಾಲೆ ಒಳ್ಳೆಯ ಸ್ಥಳ. ಅಕ್ಕತಂಗಿಯರ ಜೊತೆ ಬೆಳೆದಂತೆ ಸಹಪಾಠಿಗಳ ಜೊತೆ ಬೆಳೆದ ಹುಡುಗ ಮುಂದೆ ಹೆಂಡತಿಯನ್ನು ಗೌರವಿಸಲು ಕಲಿಯುತ್ತಾನೆ. ಆದರೆ ಶಿಸ್ತಿಲ್ಲದ ಮಿಶ್ರ ಶಾಲೆಯಲ್ಲಿ ಕೀಟಲೆಗೆ ಹೆದರಿ ಹಿಂದಿನ ಸಾಲಿನಲ್ಲಿ ಮೌನವಾಗಿ ಕೂರುವ ಹುಡುಗಿಯೂ ಉಂಟು. ಅಂಥವಳಿಗೆ ಬಾಲಕಿಯರ ಶಾಲೆ ಆಸರೆ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಊರ ಶಾಲೆ ಎಲ್ಲರಿಗೂ ಒಂದೇ ಇರಲಿ. ಪ್ರೌಢಶಾಲೆಯಲ್ಲಿ, ಹತ್ತಿರದಲ್ಲಿ ಒಳ್ಳೆಯ ಬಾಲಕಿಯರ ಶಾಲೆಯಿದ್ದರೆ ಅಲ್ಲಿಗೆ ಕಳುಹಿಸಿರಿ. ಇಲ್ಲವಾದರೆ ಮಿಶ್ರ ಶಾಲೆಗೆ ಧೈರ್ಯವಾಗಿ ಕಳುಹಿಸಿರಿ. ಯಾವ ಶಾಲೆ ಎಂಬ ಚರ್ಚೆ ಶಾಲೆಯೇ ಬೇಡವೆಂಬ ತೀರ್ಮಾನಕ್ಕೆ ಮುಸುಕಾಗದಿರಲಿ.

ಬೆಥಾನಿಯದ ಮರಿಯಳು ಪ್ರಭುವಿನ ಪಾದದ ಬಳಿ ಕುಳಿತು ಬೋಧೆ ಕೇಳುತ್ತಿದ್ದಾಗ ಅಡುಗೆಮನೆಯಿಂದ ದೂರು ಬಂತು. ಪ್ರಭು ಅವಳನ್ನು ಎಬ್ಬಿಸಿ ಕಳುಹಿಸಲಿಲ್ಲ. ಶತಮಾನೋತ್ಸವದ ಈ ಶುಭ ವೇಳೆಯಲ್ಲಿ, ಕಲಿಯಲು ಕುಳಿತ ಯಾವ ಹೆಣ್ಣುಮಗುವನ್ನೂ ನಾವು ಎಬ್ಬಿಸುವುದಿಲ್ಲವೆಂದು ಸಂಕಲ್ಪಿಸೋಣ. ಪ್ರಭುವಿನ ಕೃಪೆ ತಮ್ಮೆಲ್ಲರ ಮೇಲಿರಲಿ.