ಪ್ರಯಾಗದಲ್ಲಿ ಒಂದು ಆಂಗ್ಲ ಸಂಸಾರ



ಕುಂಪಣಿ ಸರ್ಕಾರದ ಕಾಲದ ಚರಿತ್ರೆಯನ್ನು ಗವರ್ನರ್ ಜನರಲ್ಲುಗಳ ಹೆಸರುಗಳಿಂದಲೂ ಯುದ್ಧಗಳಿಂದಲೂ ಎಣಿಸುವುದು ನಮಗೆ ರೂಢಿಯಾಗಿಬಿಟ್ಟಿದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಆ ಪಟ್ಟಿಯಲ್ಲಿ ಸುಂಕದ ಕಟ್ಟೆಯ ಅಧಿಕಾರಿಗೆ ಸ್ಥಳವಿಲ್ಲ. ಅವನ ಹೆಂಡತಿಗಂತೂ ಇಲ್ಲವೇ ಇಲ್ಲ. ಆದರೆ ಆಳಿದವರು ಈ ದೇಶದಲ್ಲಿ ಹೇಗೆ ಉಂಡರು, ಹೇಗೆ ಉಟ್ಟರು, ಬೇಸಿಗೆಯನ್ನು ಹೇಗೆ ಕಳೆದರು, ನಮ್ಮವರ ಮನೆಗಳ ಒಳಗನ್ನು ಎಷ್ಟರಮಟ್ಟಿಗೆ ಕಂಡರು ಎಂಬುದನ್ನು ಅರಿಯಬೇಕಾದರೆ ನಾವು ಹೋಗಬೇಕಾದದ್ದು ಅಂತಹವರ ಬಳಿಗೇ. ಈ ಹೊತ್ತು ನಾವು ಚಾರ್ಲ್ಸ್ ಪಾರ್ಕ್ಸ್ ಮತ್ತು ಫ್ಯಾನಿ ಪಾರ್ಕ್ಸ್ ಎಂಬ ದಂಪತಿಗಳ ಸಂಸಾರವನ್ನು ಸ್ವಲ್ಪ ಇಣುಕಿ ನೋಡೋಣ.

ಫ್ಯಾನಿ ಹುಟ್ಟಿದ್ದು 1794ರಲ್ಲಿ, ವೇಲ್ಸ್ ದೇಶದ ಕಾನ್ವಿ ಎಂಬ ಊರಿನಲ್ಲಿ. 1822ರಲ್ಲಿ ಕುಂಪಣಿಯ ನೌಕರನಾದ ಚಾರ್ಲ್ಸನನ್ನು ಮದುವೆಯಾಗಿ, ಅದೇ ವರ್ಷ ಹಡಗು ಹತ್ತಿ, ಐದು ತಿಂಗಳ ಸಮುದ್ರಯಾನದ ತರುವಾಯ ಕಲ್ಕತ್ತೆಯಲ್ಲಿ ಇಳಿದಳು. ನಾಲ್ಕು ವರ್ಷ ಅಲ್ಲಿದ್ದು, ಗಂಡನಿಗೆ ವರ್ಗವಾದಾಗ ಅಲಹಾಬಾದಿಗೆ ಹೋದಳು. ನಡುವೆ ಕೆಲವು ಕಾಲ ಕಾನ್ಪುರದಲ್ಲಿದ್ದುದನ್ನು ಬಿಟ್ಟರೆ ಗಂಗಾಯಮುನೆಗಳು ಕೂಡುವ ಆ ಪ್ರಯಾಗವೇ ಅವರ ಮನೆಯಾಯಿತು. ಮಕ್ಕಳಿರಲಿಲ್ಲ. ಈಕೆ ಇಟ್ಟ ದಿನಚರಿಯು 1850ರಲ್ಲಿ ಎರಡು ದೊಡ್ಡ ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಮುಖಪುಟದಲ್ಲಿ ಗ್ರಂಥಕರ್ತ್ರಿಯ ಹೆಸರು ಪಾರಸಿ ಲಿಪಿಯಲ್ಲಿದೆ. ಒಳಗೆ ಮೊದಲಿಗೆ ಗಣಪತಿಯ ಚಿತ್ರ, ಗಣಪತಿಯ ಸ್ತುತಿ. ವಿಘ್ನೇಶ್ವರನಿಗೆ ಕೈಮುಗಿಯದೆ ಗ್ರಂಥಾರಂಭ ಮಾಡಬಾರದೆಂಬ ನಮ್ಮ ಹಿರಿಯರ ಕಟ್ಟಳೆಯನ್ನು ಪಾಲಿಸಿದ ಆಂಗ್ಲ ಲೇಖಕರು ಬೇರೆ ಎಷ್ಟು ಮಂದಿ ಇದ್ದಾರೋ ಕಾಣೆವು.

ಮೊದಲು ಮನೆಯ ಖರ್ಚಿನ ಲೆಕ್ಕ. ಗ್ರಂಥದಲ್ಲಿ ಈಕೆ ಆಳುಕಾಳುಗಳ ಪಟ್ಟಿಯೊಂದನ್ನು ಕೊಟ್ಟಿದ್ದಾಳೆ. ಅದರ ಮೊತ್ತ 57 ಜನ. ಅವರೆಲ್ಲರ ಸಂಬಳ ಸೇರಿ ತಿಂಗಳಿಗೆ 290 ರೂಪಾಯಿ. ಗಂಡಹೆಂಡಿರಿಬ್ಬರ ಮನೆಗೆ ಐವತ್ತೇಳು ಮಂದಿ! ಅಡಿಗೆಯವನು ಬೇರೆ, ಬಡಿಸುವವನು ಬೇರೆ, ನೀರು ತಣ್ಣಗೆ ಮಾಡುವವನು ಬೇರೆ. ಕುದುರೆಗೊಬ್ಬ ಆಳು, ಆ ಕುದುರೆಗೆ ಹುಲ್ಲು ತರುವವನು ಮತ್ತೊಬ್ಬ. ಇದನ್ನು ಬರಿಯ ದರ್ಪವೆಂದು ತಳ್ಳಿಹಾಕುವುದು ಸುಲಭ. ಆದರೆ ಒಬ್ಬನ ಕೆಲಸವನ್ನು ಮತ್ತೊಬ್ಬನು ಮುಟ್ಟದ ನಮ್ಮ ಜಾತಿಯ ಏರ್ಪಾಡೂ ಆ ಪಟ್ಟಿಯನ್ನು ಬೆಳೆಸಿತು. ತಲೆಗೆ ಸರಾಸರಿ ಐದು ರೂಪಾಯಿಯಾಗುವ ಕೂಲಿಯ ಅಗ್ಗವಂತೂ ಅದನ್ನು ಬೆಳೆಸಿದ್ದು ನಿಶ್ಚಯ.

ಅಲಹಾಬಾದಿನ ಬೇಸಿಗೆ ನಮ್ಮ ಮೈಸೂರಿನ ಬೇಸಿಗೆಯಲ್ಲ. ಲಾವಂಚದ ತಟ್ಟಿಗಳನ್ನು ಬಾಗಿಲಿಗೆ ಕಟ್ಟಿ ನೀರೆರಚುವುದು ಹಳೆಯ ಪದ್ಧತಿ. ಅದರ ಮೇಲೆ ಈ ದಂಪತಿಗಳ ಕಾಲದಲ್ಲಿ ‘ಥರ್ಮಾಂಟಿಡೋಟ್’ ಎಂಬ ಭಾರಿ ಮರದ ಯಂತ್ರವೊಂದು ಬಳಕೆಗೆ ಬಂದಿತು. ಕೋಣೆಯಷ್ಟು ದೊಡ್ಡ ಪೆಟ್ಟಿಗೆ, ಒಳಗೆ ತಿರುಗುವ ರೆಕ್ಕೆಗಳು, ಪಕ್ಕಗಳಲ್ಲಿ ಒದ್ದೆಯಾದ ಲಾವಂಚ. ಹೊರಗೆ ಬಿಸಿಲಿನಲ್ಲಿ ನಿಂತ ಆಳುಗಳು ತಿರುವಿದರೆ ಒಳಗಿನವರಿಗೆ ತಂಗಾಳಿ. ತಂಪು ಯಾರ ಪಾಲಿಗೆ, ಬೆವರು ಯಾರ ಪಾಲಿಗೆ ಎಂಬುದನ್ನು ನಾವು ವಿವರಿಸಬೇಕಾದುದಿಲ್ಲ.

ಇದಕ್ಕಿಂತ ಸ್ವಾರಸ್ಯವಾದುದು ಮಂಜುಗಡ್ಡೆಯ ವೃತ್ತಾಂತ. ಅಲಹಾಬಾದಿನ ಆಂಗ್ಲರು ಚಂದಾ ಹಾಕಿ ನಡೆಸುತ್ತಿದ್ದ ಮಂಜಿನ ಹಳ್ಳಗಳ ಮೇಲ್ವಿಚಾರಣೆ ಚಾರ್ಲ್ಸನ ಪಾಲಿಗೆ ಬಂದಿತ್ತು. ಬಯಲನ್ನು ಚೌಕಚೌಕವಾಗಿ ತಗ್ಗುಮಾಡಿ, ಹುಲ್ಲು ಹಾಸಿ, ಅದರ ಮೇಲೆ ಸಾವಿರಾರು ಮಣ್ಣಿನ ಬಟ್ಟಲುಗಳನ್ನು ಒತ್ತಾಗಿ ಇಡುವರು. ಚಳಿಗಾಲದ ಸಂಜೆ, ಆಕಾಶ ನಿರ್ಮಲವಾಗಿದ್ದು ಗಾಳಿ ಹದವಾಗಿದ್ದರೆ, ಅವುಗಳಲ್ಲಿ ತೆಳ್ಳಗೆ ನೀರು ತುಂಬುವರು. ನಡುರಾತ್ರಿ ಕಳೆದ ಮೇಲೆ ನೀರು ಹೆಪ್ಪುಗಟ್ಟಿದ ಕೂಡಲೆ ತಮಟೆ ಬಾರಿಸಿ ಕೂಲಿಯವರನ್ನು ಎಬ್ಬಿಸುವರು. ಗಂಡಸರು ಹೆಂಗಸರು ಮಕ್ಕಳು ಚಳಿಯಲ್ಲಿ ನಡುಗುತ್ತ ಬಂದು, ಹೊತ್ತು ಮೂಡುವುದಕ್ಕೆ ಮುಂಚೆ ಆ ತೆಳ್ಳನೆಯ ಹಲ್ಲೆಗಳನ್ನು ಬಟ್ಟಲುಗಳಿಂದ ಎತ್ತಿ ಆಳವಾದ ಹಳ್ಳಕ್ಕೆ ಸುರಿದರೆ, ಒಳಗಿದ್ದವರು ಅದನ್ನು ಕುಟ್ಟಿ ಕುಟ್ಟಿ ಗಟ್ಟಿಮಾಡುವರು. ಮೇಲೆ ಹುಲ್ಲುಗುಡಿಸಲು. ಜನವರಿಯ ಮಂಜು ಬೇಸಿಗೆಯ ಬಟ್ಟಲಿಗೆ ಬರುತ್ತಿದ್ದುದು ಹೀಗೆ.

ಗಾಳಿಯಲ್ಲಿ ಹೆಪ್ಪುಗಟ್ಟುವಷ್ಟು ಚಳಿ ಇಲ್ಲದಿರುವಾಗಲೂ ನೀರು ಹೆಪ್ಪುಗಟ್ಟುವುದು ಹೇಗೆ? ಈ ಪ್ರಯಾಗದ ಪದ್ಧತಿಯನ್ನೇ ಸರ್ ರಾಬರ್ಟ್ ಬಾರ್ಕರನು 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ್ದನು. ಬಯಲಿನಲ್ಲಿರುವ ವಸ್ತುವು ನಿರ್ಮಲವಾದ ರಾತ್ರಿಯ ಆಕಾಶಕ್ಕೆ ತನ್ನ ಶಾಖವನ್ನು ಹೊರಸೂಸಿ ಸುತ್ತಣ ಗಾಳಿಗಿಂತ ತಣ್ಣಗಾಗುವುದೆಂಬುದನ್ನು 1814ರಲ್ಲಿ ವೆಲ್ಸ್ ಎಂಬ ವೈದ್ಯನು ಇಬ್ಬನಿಯ ಮೇಲೆ ಬರೆದ ಪ್ರಬಂಧದಲ್ಲಿ ಸಾಧಿಸಿದನು. ಕೆಳಗಿನ ಹುಲ್ಲು ನೆಲದ ಶಾಖವನ್ನು ತಡೆಯುವುದು. ನೀರು ಆವಿಯಾಗುವುದರಿಂದಲೂ ಕೊಂಚ ತಂಪು. ನಮ್ಮ ಕೂಲಿಯವರಿಗೆ ಈ ಶಾಸ್ತ್ರ ತಿಳಿಯದಿದ್ದರೂ ಮೋಡ ಕವಿದ ರಾತ್ರಿ ಬಟ್ಟಲು ತುಂಬಬಾರದೆಂಬುದು ಚೆನ್ನಾಗಿ ತಿಳಿದಿತ್ತು. 1833ರಲ್ಲಿ ‘ಟಸ್ಕನಿ’ ಎಂಬ ಹಡಗು ಅಮೆರಿಕದ ಬಾಸ್ಟನ್ನಿನಿಂದ ಕೆರೆಯ ಮಂಜನ್ನೇ ಹೇರಿಕೊಂಡು ಕಲ್ಕತ್ತೆಗೆ ಬಂದಿತು. ಆ ವ್ಯಾಪಾರವು ಬೆಳೆದು ಮದರಾಸಿನ ಕಡಲ ತೀರದಲ್ಲಿಯೂ ಮಂಜಿನ ಮನೆ ಎದ್ದಿತು. ಮುಂದೆ ಸ್ವಾಮಿ ವಿವೇಕಾನಂದರು 1897ರಲ್ಲಿ ತಂಗಿದ್ದು ಅದೇ ಕಟ್ಟಡದಲ್ಲಿ.

ಇನ್ನು ಪ್ರವಾಸ. ಗಂಡನಿಗೆ ಸರ್ಕಾರದ ರಜಾ ಬೇಕು, ಹೆಂಡತಿಗೆ ಬೇಡ. 1834ರ ಡಿಸೆಂಬರಿನಲ್ಲಿ ಫ್ಯಾನಿ ‘ಸೀಗಲ್’ ಎಂಬ ತನ್ನ ಹಾಯಿದೋಣಿಯನ್ನು ಏರಿ, ಹಿಂದೆ ಅಡಿಗೆಯ ದೋಣಿಯನ್ನಿಟ್ಟುಕೊಂಡು, ಗಂಡನ ಜೊತೆಯಿಲ್ಲದೆ ಯಮುನೆಯಲ್ಲಿ ಎದುರುನೀರಿಗೆ ಆಗ್ರಾ ಕಡೆಗೆ ಹೊರಟಳು. ಗಾಳಿ ಇದ್ದಾಗ ಹಾಯಿ, ಇಲ್ಲದಾಗ ದಡದ ಮೇಲೆ ನಡೆದು ಹಗ್ಗದಿಂದೆಳೆಯುವ ಅಂಬಿಗರು. ಅಲ್ಲಲ್ಲಿ ಮರಳುದಿಣ್ಣೆಗೆ ಸಿಕ್ಕಿ ನಿಲ್ಲುವುದು. ಏಳು ವಾರಗಳಷ್ಟು ಕಾಲ ಹಿಡಿಯಿತು. ಕಡೆಗೆ ಕಂಡ ತಾಜಮಹಲನ್ನು ಈಕೆ ಮನದಣಿಯೆ ವರ್ಣಿಸಿದ್ದಾಳೆ. ಆದರೆ ಅಲ್ಲಿಯ ಅಮೃತಶಿಲೆಯ ಜಗಲಿಯ ಮೇಲೆ ಬ್ಯಾಂಡು ಬಾರಿಸಿಕೊಂಡು ಗೋರಿಯ ಮುಂದೆಯೇ ಕುಣಿಯುತ್ತಿದ್ದ ತನ್ನ ಜನರನ್ನು ಕಂಡು ಹೇಸಿಗೊಂಡುದನ್ನೂ ಮುಚ್ಚಿಡದೆ ಬರೆದಿದ್ದಾಳೆ. ಬೆಂಟಿಂಕನು ತಾಜಮಹಲಿನ ಕಲ್ಲನ್ನು ಹರಾಜಿಗೆ ಹಾಕಲಿದ್ದನೆಂಬ ಆಗಿನ ಮಾತೂ ಈಕೆಯ ಗ್ರಂಥದಲ್ಲಿದೆ. 1831ರಲ್ಲಿ ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಕಿತ್ತುಕೊಂಡವನು ಅದೇ ಬೆಂಟಿಂಕನಾದುದರಿಂದ ನಮಗೆ ಅದನ್ನು ನಂಬುವ ಆಸೆಯಾಗಬಹುದು. ಆದರೆ ಚರಿತ್ರಕಾರರು ಅದನ್ನು ಗಾಳಿಸುದ್ದಿಯೆಂದೇ ಎಣಿಸಿದ್ದಾರೆ. ಮಾರಾಟವಾದದ್ದು ಆಗ್ರಾ ಕೋಟೆಯ ಸ್ನಾನಗೃಹದ ಕೆಲವು ಅಮೃತಶಿಲೆಗಳು. ಒಬ್ಬನ ಮೇಲೆ ನಮಗೆ ದೂರಿರುವಾಗ ಅವನ ವಿಷಯದ ಸಾಕ್ಷ್ಯವನ್ನು ಎರಡು ಸಲ ತೂಗಿ ನೋಡುವುದು ಒಳ್ಳೆಯದು.

ಆಗ್ರಾದಿಂದ ಈಕೆ ಖಾಸಗಂಜಿಗೆ ಹೋದಳು. ಅಲ್ಲಿ ಕರ್ನಲ್ ಗಾರ್ಡನರನೆಂಬ ಮುದುಕ ಸೇನಾನಿಯೂ, ಅವನು ಮದುವೆಯಾದ ಖಂಬಾತಿನ ಬೇಗಮಳೂ ಬಾಳುತ್ತಿದ್ದರು. ಅವರ ಮೊಮ್ಮಗಳನ್ನು ದಿಲ್ಲಿಯ ರಾಜವಂಶದ ಕುಮಾರನಿಗೆ ಕೊಟ್ಟ ಮದುವೆಯನ್ನು ಫ್ಯಾನಿ ಅಂತಃಪುರದಲ್ಲಿಯೇ ಕುಳಿತು ನೋಡಿದಳು. ಅದೇ 1835ರ ಜುಲೈನಲ್ಲಿ ಗಾರ್ಡನರನು ತೀರಿಕೊಂಡನು. ತಿಂಗಳೊಂದು ಕಳೆಯುವಷ್ಟರಲ್ಲಿ ಬೇಗಮಳೂ ಹೊರಟುಹೋದಳು. ಆಂಗ್ಲರೂ ನಮ್ಮವರೂ ಬೀಗತನ ಬೆಳೆಸುತ್ತಿದ್ದ ಒಂದು ಕಾಲವೇ ಅವರೊಡನೆ ಮುಗಿಯಿತೆನ್ನಬಹುದು.

ಈ ಗ್ರಂಥದಲ್ಲಿ ನಮ್ಮನ್ನು ಬಹುವಾಗಿ ಸೆಳೆಯುವ ಭಾಗವು ಗ್ವಾಲಿಯರಿನ ಬಾಯಿಜಾಬಾಯಿಯವರಿಗೆ ಸಂಬಂಧಿಸಿದುದು. ದೌಲತರಾವ್ ಸಿಂಧಿಯಾ ಅವರ ವಿಧವೆಯಾದ ಈ ರಾಣಿ 1827ರಿಂದ 1833ರವರೆಗೆ ರಾಜ್ಯವಾಳಿ, ದತ್ತುಪುತ್ರನ ಪಕ್ಷದಿಂದ ಹೊರದೂಡಲ್ಪಟ್ಟು, ಕುಂಪಣಿಯ ಸೀಮೆಯಲ್ಲಿ ಡೇರೆಗಳಲ್ಲಿ ಕಾಲ ಕಳೆಯುತ್ತಿದ್ದರು. 1835ರಲ್ಲಿ ಫತೇಗಢದಲ್ಲಿ ಆರಂಭವಾದ ಪರಿಚಯವು, ರಾಣಿಯವರು ಅಲಹಾಬಾದಿಗೆ ಬಂದ ಮೇಲೆ ಸ್ನೇಹವಾಯಿತು. ಆಂಗ್ಲ ಸ್ತ್ರೀಯರು ಕುದುರೆಯ ಮೇಲೆ ಎರಡು ಕಾಲನ್ನೂ ಒಂದೇ ಪಕ್ಕಕ್ಕೆ ಹಾಕಿ ಕೂರುವ ರೀತಿಯನ್ನು ಕಂಡು ಮರಾಠೀ ಹೆಂಗಸರಿಗೆ ನಗು ತಡೆಯಲಾಗಲಿಲ್ಲ. ರಾಣಿಯ ಮೊಮ್ಮಗಳಾದ ಗಜರಾಜಾ ಸಾಹೇಬರು ಸವಾರಿಯಲ್ಲಿ ಗಟ್ಟಿಗರು. ಕೊನೆಗೆ ಫ್ಯಾನಿಯೂ ಮರಾಠೀ ಉಡುಪನ್ನುಟ್ಟು ಅವರಂತೆಯೇ ಕುದುರೆಯೇರಿ, ಇದೇ ಸುಖವೆಂದು ಒಪ್ಪಿಕೊಂಡಳು.

ನಗೆಯ ನಡುವೆ ಮಾತು ಬೇರೆ ಕಡೆಗೆ ತಿರುಗಿತು. ಹಿಂದೂ ವಿಧವೆಗೆ ಒಳ್ಳೆಯ ಊಟವಿಲ್ಲ, ಹಾಸಿಗೆಯಿಲ್ಲ. ನಿಮ್ಮ ದೇಶದಲ್ಲಿ ಹೇಗೆ, ಎಂದು ರಾಣಿಯವರು ಕೇಳಿದರು. ನಮ್ಮಲ್ಲಿ ಗಂಡ ಸತ್ತರೆ ವಾರಸುದಾರನಿಗೆ ಎಡೆಮಾಡಿಕೊಡಲು ಹೆಂಡತಿಯನ್ನು ಮನೆಯಿಂದಲೇ ಹೊರಡಿಸುತ್ತಾರೆ ಎಂಬರ್ಥದ ಉತ್ತರವನ್ನು ಫ್ಯಾನಿ ಕೊಟ್ಟಳು. ಗಂಡನಿರುವಾಗಲೂ ಆಂಗ್ಲ ಶಾಸನದ ಪ್ರಕಾರ ಹೆಂಡತಿಯು ದಾಸಿಗೆ ಸಮಾನಳೆಂಬುದನ್ನು ಆಕೆ ಅಡಗಿಸಲಿಲ್ಲ. ಇದು ಉತ್ಪ್ರೇಕ್ಷೆಯಲ್ಲ. ಮದುವೆಯಾದ ಸ್ತ್ರೀಗೆ ಸ್ವಂತ ಆಸ್ತಿಯ ಹಕ್ಕು ಇಂಗ್ಲೆಂಡಿನಲ್ಲಿ ದೊರೆತದ್ದು 1870 ಮತ್ತು 1882ರ ಶಾಸನಗಳಿಂದ. ನಮ್ಮ ಮೈಸೂರಿನಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವಾದದ್ದು 1933ರಲ್ಲಿ. ನಾಡನ್ನು ಕಳೆದುಕೊಂಡ ರಾಣಿಯೊಬ್ಬರು, ನಾಡನ್ನು ಗೆದ್ದವರ ಪಕ್ಷದ ಸ್ತ್ರೀಯೊಬ್ಬಳು, ಇಬ್ಬರೂ ಒಂದು ಡೇರೆಯಲ್ಲಿ ಕುಳಿತು ತಂತಮ್ಮ ದೇಶಗಳ ನ್ಯಾಯವನ್ನು ಹೋಲಿಸಿ ನೋಡಿದ ಈ ಸಂಭಾಷಣೆಯು ಸರ್ಕಾರದ ಯಾವ ದಫ್ತರದಲ್ಲಿಯೂ ಸಿಕ್ಕುವಂತಹುದಲ್ಲ.

ಈಕೆಯ ಕಣ್ಣಿಗೆ ಎಲ್ಲವೂ ಕಂಡಿತೆಂದು ನಾವು ಹೇಳುವುದಿಲ್ಲ. ಅಂದವಾದುದನ್ನು ಅರಸಿ ಹೊರಟ ಯಾತ್ರಿಕಳೆಂದು ತನ್ನನ್ನು ಕರೆದುಕೊಂಡವಳು ಈಕೆ. ಮಾಘದ ಜಾತ್ರೆಯ ಬಣ್ಣವನ್ನು ಬಲು ಚೆನ್ನಾಗಿ ಬರೆದಿದ್ದಾಳೆ. ತ್ರಿವೇಣಿಯಲ್ಲಿ ಮುಳುಗುವ ಬಡವನಿಂದ ಕುಂಪಣಿಯು ತಲೆಗೊಂದು ರೂಪಾಯಿ ವಸೂಲು ಮಾಡುತ್ತಿದ್ದ ಯಾತ್ರಾಸುಂಕವು ಆ ಬಣ್ಣದಲ್ಲಿ ಮಸುಕಾಗಿಬಿಡುತ್ತದೆ. 1840ರಲ್ಲಿ ಆ ಸುಂಕ ರದ್ದಾಯಿತು. 1838ರ ಆರಂಭದಲ್ಲಿ ಕನೌಜಿನ ಬಳಿ ಕ್ಷಾಮದಿಂದ ಸಾಯುತ್ತಿದ್ದ ಜನರನ್ನು ಕಂಡು ಈಕೆ ಮರುಗಿದ್ದು ನಿಜ. ಆದರೂ ಆ ಕನಿಕರದ ಪುಟಗಳನ್ನು ಮಗುಚಿದರೆ ಮುಂದೆ ಮತ್ತೆ ಗೋರಿ, ಗುಡಿ, ಸೂರ್ಯಾಸ್ತ.

ಆ ವರ್ಷವೇ ಈಕೆ ದಿಲ್ಲಿಯ ಅರಮನೆಯ ಅಂತಃಪುರಕ್ಕೆ ಹೋದಳು. ಮುಪ್ಪಿನ ರಾಜಕುಮಾರಿಯೊಬ್ಬರು ಆಗತಾನೆ ಕೊಯ್ದ ಮಲ್ಲಿಗೆಯ ಹಾರವನ್ನು ಈಕೆಯ ಕೊರಳಿಗೆ ಹಾಕಿದರು. ಇಲ್ಲಿ ಬಹುಮಾನ ದೋಚಲು ಹೋಗಿದ್ದಳೆಂದು ಆಂಗ್ಲ ಸಮಾಜದಲ್ಲಿ ಗುಸುಗುಸು ಹಬ್ಬಿತು. ಆಕೆಗೆ ದೊರೆತದ್ದು ಸಂಜೆಗೆ ಬಾಡುವ ಆ ಹೂವು. ಒಂದು ಕಾಲಕ್ಕೆ ಹಿಂದೂಸ್ತಾನವನ್ನಾಳಿದ ಮನೆಯವರ ಬಳಿ ಕೊಡುವುದಕ್ಕೆ ಉಳಿದಿದ್ದುದೇ ಅಷ್ಟೆಂದು ಆಕೆ ಬಲ್ಲಳು. ಅದನ್ನು ಚಕ್ರವರ್ತಿನಿಯ ಮುಂದೆ ಬಾಗುವಂತೆ ಬಾಗಿ ಸ್ವೀಕರಿಸಿದಳು.

ಗಂಡನೆಲ್ಲಿ, ಎಂದು ಶ್ರೋತೃಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎರಡು ಸಂಪುಟಗಳಲ್ಲಿ ಈಕೆ ಅವನನ್ನು ಫ್ರೆಂಚ್ ಮಾತಿನಲ್ಲಿ ‘ನನ್ನ ಗಂಡ’ ಎಂದು ಕರೆಯುವುದೇ ಹೆಚ್ಚು. ನಮ್ಮ ಹಳೆಯ ಕಾಲದ ಗೃಹಿಣಿಯರು ಹೆಸರು ಹೇಳದೆ ‘ನಮ್ಮವರು’ ಎಂದು ಸುಮ್ಮನಾಗುತ್ತಿದ್ದಂತೆ ಇದು ಕೇಳಿಸುತ್ತದೆ. ಗವರ್ನರ್ ಜನರಲ್ ಆಕ್ಲೆಂಡನ ತಂಗಿ ಫ್ಯಾನಿ ಈಡನ್, ತಮ್ಮ ಪಾಳೆಯದ ಬೆನ್ನುಹತ್ತಿ ಬಂದ ಈ ಪ್ರವಾಸಿಯನ್ನು ಗೇಲಿಮಾಡುತ್ತ, ಚಳಿಗಾಲ ಬಂದರೆ ಹುಚ್ಚು ಹಿಡಿಯುವ ಗಂಡನೊಬ್ಬ ಈಕೆಗಿದ್ದಾನೆ, ಅವನನ್ನು ಬಿಟ್ಟು ತಿರುಗುವುದೇ ತನ್ನ ಧರ್ಮವೆಂದು ಈಕೆ ಹೇಳುತ್ತಾಳೆ, ಎಂದು ಬರೆದಿಟ್ಟಳು. ದೊಡ್ಡ ಮನೆಯವರ ಚುಚ್ಚುಮಾತಾದುದರಿಂದ ಇದನ್ನು ಪೂರ್ತಿಯಾಗಿ ನಂಬಬೇಕಾಗಿಲ್ಲ. ಆದರೆ ಏನೋ ಒಂದು ವ್ಯಥೆ ಆ ಮೌನದ ಹಿಂದೆ ಇದ್ದಿತೆಂದು ನಮಗೆ ತೋರುತ್ತದೆ. ಚಳಿಗಾಲವೆಂದರೆ ಮಂಜುಗಡ್ಡೆಯ ಕಾಲ. ಆಕೆ ನದಿಯ ಮೇಲಿದ್ದ ಆ ರಾತ್ರಿಗಳಲ್ಲಿ, ಆಕಾಶ ತಿಳಿಯಾಗಿದೆಯೇ ಎಂದು ನೋಡುತ್ತ ಬಯಲಿನಲ್ಲಿ ನಿಂತಿದ್ದವನು ಚಾರ್ಲ್ಸನಲ್ಲವೇ!

1839ರಲ್ಲಿ ಫ್ಯಾನಿ ತಾಯಿಯನ್ನು ನೋಡಲು ಇಂಗ್ಲೆಂಡಿಗೆ ಹೋದಾಗ ಪ್ಲಿಮತ್ ರೇವಿನ ಚಿಕ್ಕ ಮನೆಗಳೂ ಮಂಕು ಬೆಳಕೂ ಆಕೆಗೆ ದರಿದ್ರವಾಗಿ ಕಂಡವು. ಗಂಡನ ದೇಹಸ್ಥಿತಿ ಕೆಟ್ಟುದರಿಂದ ಕೇಪಿನಲ್ಲಿ ಅವನನ್ನು ಕೂಡಿಕೊಂಡು, ಮತ್ತೊಮ್ಮೆ ಕಲ್ಕತ್ತೆಗೆ ಬಂದು, 1845ರಲ್ಲಿ ಇಬ್ಬರೂ ಕೊನೆಯ ಸಲ ಹಡಗು ಹತ್ತಿದರು. 1851ರಲ್ಲಿ ಲಂಡನ್ನಿನಲ್ಲಿ ಹಿಂದೂಸ್ತಾನದ ಚಲಿಸುವ ಚಿತ್ರಪಟವೊಂದರ ಪ್ರದರ್ಶನ ನಡೆಯಿತು. ಅದಕ್ಕೆ ಆಧಾರವಾದ ಚಿತ್ರಗಳಲ್ಲಿ ಫ್ಯಾನಿಯವೂ ಇದ್ದವು. ಕಾಸು ಕೊಟ್ಟು ಕುಳಿತವರ ಮುಂದೆ, ಕಲ್ಕತ್ತೆಯ ಕೋಟೆಯಿಂದ ಗಂಗೋತ್ರಿಯವರೆಗಿನ ಗಂಗೆಯ ದಡವೆಲ್ಲ ಬಟ್ಟೆಯ ಸುರುಳಿಯಾಗಿ ಬಿಚ್ಚುತ್ತ ಒಂದೇ ಸಂಜೆಯಲ್ಲಿ ಸಾಗಿಹೋಗುತ್ತಿತ್ತು. ಆಕೆ 1875ರಲ್ಲಿ ತೀರಿಕೊಂಡಳು.