ಅನಲಾಗ್–ಡಿಜಿಟಲ್ ಪರಿವರ್ತಕ: ತಕ್ಕಡಿಯಿಂದ ಚಿಪ್‌ವರೆಗೆ

ಏರಿಳಿಯುವ ವೋಲ್ಟೇಜನ್ನು ಸಂಖ್ಯೆಯಾಗಿಸುವ ವಿದ್ಯುನ್ಮಂಡಲವೇ ಅನಲಾಗ್–ಡಿಜಿಟಲ್ ಪರಿವರ್ತಕ. ಇದರಲ್ಲಿ ಬಗೆಗಳು ಹಲವು. ಅವುಗಳಲ್ಲಿ ಬಹಳ ಬಳಕೆಗೆ ಬಂದ ಒಂದರ ಮೂಲ ಉಪಾಯ ವಿದ್ಯುತ್ತಿನ ಬಳಕೆಗಿಂತಲೂ ಹಳೆಯದು. ಕೆಲವೇ ಬಟ್ಟುಗಳಿಂದ ಅನೇಕ ತೂಕಗಳನ್ನು ತೂಗುವ ಲೆಕ್ಕಕ್ಕೆ ಇಟಲಿಯ ಗಣಿತಜ್ಞ ಟಾರ್ಟಾಗ್ಲಿಯಾ 1556ರಲ್ಲೇ 1, 2, 4, 8, 16, 32 ಎಂದು ಇಮ್ಮಡಿಯಾಗುವ ಬಟ್ಟುಗಳನ್ನು ಸೂಚಿಸಿದ್ದ. ತೂಗುವ ವಸ್ತುವಿನ ಎದುರಿನ ತಟ್ಟೆಯಲ್ಲಿ ಮೊದಲು ಎಲ್ಲಕ್ಕಿಂತ ದೊಡ್ಡ ಬಟ್ಟು ಇಡಬೇಕು. ಆ ತಟ್ಟೆ ಕೆಳಗಿಳಿದರೆ ಅದನ್ನು ತೆಗೆಯಬೇಕು, ಇಳಿಯದಿದ್ದರೆ ಅಲ್ಲೇ ಬಿಡಬೇಕು; ಎರಡರಲ್ಲಿ ಯಾವುದಾದರೂ ಮುಂದೆ ಅದರರ್ಧದ್ದನ್ನು ಇಟ್ಟು ನೋಡಬೇಕು. ತಟ್ಟೆಯಲ್ಲಿ ಉಳಿದ ಬಟ್ಟು 1, ತೆಗೆದದ್ದು 0. ಆರು ಬಟ್ಟಿಗೆ ಆರೇ ಪರೀಕ್ಷೆ.

ಅಷ್ಟು ನಿಖರವಾದ ಬಟ್ಟುಗಳನ್ನು ವಿದ್ಯುತ್ತಿನಲ್ಲಿ ಎಲ್ಲಿಂದ ತರುವುದು? ಈ ಪರಿವರ್ತಕದ ಇತಿಹಾಸ ಆ ಪ್ರಶ್ನೆಗೆ ಸಿಕ್ಕ ಉತ್ತರಗಳ ಇತಿಹಾಸ.

ಪ್ರಶ್ನೆ ಎದ್ದದ್ದು ದೂರವಾಣಿಯಿಂದ. ದೂರದ ಮಾರ್ಗಗಳಲ್ಲಿ ಒಂದೊಂದು ವರ್ಧಕವೂ ದನಿಯ ಜೊತೆಗೆ ಗದ್ದಲವನ್ನೂ ಹಿಗ್ಗಿಸುತ್ತಿತ್ತು. ದನಿಯನ್ನು ಸಂಖ್ಯೆಯಾಗಿಸಿ ಕಳಿಸಿದರೆ ಈ ಕಾಟ ತಪ್ಪುತ್ತದೆಂದು 1937ರಲ್ಲಿ ಪ್ಯಾರಿಸ್‌ನಲ್ಲಿದ್ದ ಎಂಜಿನಿಯರ್ ಅಲೆಕ್ ರೀವ್ಸ್ ಕಂಡುಕೊಂಡರು. ಅವರ ಪರಿವರ್ತಕ ತೂಗುತ್ತಿರಲಿಲ್ಲ, ಸ್ಪಂದಗಳನ್ನು ಎಣಿಸುತ್ತಿತ್ತು. ತೂಗುವ ವಿಧಾನವನ್ನು ಅಮೆರಿಕದ ಬೆಲ್ ಲ್ಯಾಬ್ಸ್‌ನ ಗುಡಾಲ್ 1947ರಲ್ಲಿ ಪ್ರಕಟಿಸಿದರು: ಒಂದು ಬಟ್ಟಿಗೆ ಒಂದು ಬಿಟ್‌ನಂತೆ 5 ಬಿಟ್, ಸೆಕೆಂಡಿಗೆ 8,000 ಅಳತೆ.

1954ರಲ್ಲಿ ಬರ್ನಾರ್ಡ್ ಗಾರ್ಡನ್ ಎಪ್ಸ್ಕೊ ಸಂಸ್ಥೆಯಿಂದ ‘ಡೇಟ್ರಾಕ್’ ಎಂಬ ತೂಗುವ ಪರಿವರ್ತಕವನ್ನು ಮಾರುಕಟ್ಟೆಗೆ ತಂದರು. 11 ಬಿಟ್, ಸೆಕೆಂಡಿಗೆ 50,000 ಅಳತೆ. ಆದರೆ ಅದು ವಾಲ್ವ್‌ಗಳ ಯಂತ್ರ. ತೂಕ ಸುಮಾರು 68 ಕಿಲೊ, ಉಣ್ಣುತ್ತಿದ್ದ ವಿದ್ಯುತ್ತು 500 ವ್ಯಾಟ್, ಬೆಲೆ 8,000 ಡಾಲರಿಗೂ ಮೇಲೆ.

ಚಿಪ್ಪಿನೊಳಗೆ ಬಟ್ಟುಗಳನ್ನು ಕೂರಿಸಲು ಎರಡು ದಾರಿ ತೆರೆದವು. ಒಂದು ರೆಸಿಸ್ಟರಿನ ದಾರಿ. ಅನಲಾಗ್ ಡಿವೈಸಸ್‌ನ ಪಾಲ್ ಬ್ರೋಕಾ 1978ರಲ್ಲಿ 10 ಬಿಟ್‌ನ ಇಡೀ ಪರಿವರ್ತಕವನ್ನು ಒಂದೇ ಚಿಪ್ಪಿಗೆ ಇಳಿಸಿದರು. ಅದರ ರೆಸಿಸ್ಟರುಗಳನ್ನು ಲೇಸರಿನಿಂದ ಕೊರೆದು ತಿದ್ದಬೇಕಿತ್ತು. ಇನ್ನೊಂದು ದಾರಿಯನ್ನು ಬರ್ಕ್ಲಿಯ ಜೇಮ್ಸ್ ಮೆಕ್‌ಕ್ರೀರಿ ಮತ್ತು ಪಾಲ್ ಗ್ರೇ 1975ರಲ್ಲೇ ತೋರಿಸಿದ್ದರು, ಈ ಇತಿಹಾಸದ ದೊಡ್ಡ ತಿರುವು ಅದೇ. ಅವರ ಬಟ್ಟುಗಳು ಕೆಪಾಸಿಟರುಗಳು. ಸಿಲಿಕಾನಿನ ಮೇಲೆ ಒಂದು ಕೆಪಾಸಿಟರಿನ ಧಾರಕತೆ ಇಷ್ಟೇ ಇರಲೆಂದು ಪಟ್ಟು ಹಿಡಿದರೆ ಅದು ಸಿಕ್ಕುವುದಿಲ್ಲ, ಬ್ಯಾಚಿನಿಂದ ಬ್ಯಾಚಿಗೆ ಏರುಪೇರಾಗುತ್ತದೆ. ಆದರೆ ಒಂದೇ ಆಕ್ಸೈಡ್ ಪದರದಲ್ಲಿ ಅಕ್ಕಪಕ್ಕ ಮೂಡಿದ ಎರಡರ ಅನುಪಾತ ಮಾತ್ರ ಅಷ್ಟಾಗಿ ಅಲುಗಾಡುವುದಿಲ್ಲ. ತೂಗಲು ಬೇಕಾದದ್ದು ಅನುಪಾತವೇ ತಾನೆ! ಮೇಲಾಗಿ ಅಳೆಯಬೇಕಾದ ವೋಲ್ಟೇಜನ್ನು ಹಿಡಿದಿಡುವ ಕೆಲಸವೂ ಅದೇ ಕೆಪಾಸಿಟರುಗಳಿಂದ ಆಯಿತು. ಅಗ್ಗದ ಮಾಸ್ (ಲೋಹ–ಆಕ್ಸೈಡ್–ಅರೆವಾಹಕ) ತಂತ್ರಜ್ಞಾನದಲ್ಲೇ ಇದೆಲ್ಲ ಸಾಧ್ಯವಾದ್ದರಿಂದ ಪರಿವರ್ತಕವೂ ಪ್ರೊಸೆಸರೂ ಮುಂದೆ ಒಂದೇ ಚಿಪ್ಪಿನಲ್ಲಿ ಸಂಸಾರ ಹೂಡಿದವು.

ವಿದ್ಯಾರ್ಥಿಗಳ ಕೈಯಲ್ಲಿ ಓಡಾಡುವ ಆರ್ಡುಯಿನೊ ಊನೊ ಬೋರ್ಡಿನ ಎಟಿಮೆಗಾ328ಪಿ ಚಿಪ್ಪಿನಲ್ಲಿರುವುದೂ ತೂಗುವ ಪರಿವರ್ತಕವೇ. ಅದು ಕೊಡುವ 0ಯಿಂದ 1023ರವರೆಗಿನ ಪ್ರತಿಯೊಂದು ಸಂಖ್ಯೆಯೂ ಹತ್ತು ಬಟ್ಟುಗಳನ್ನು ಇಟ್ಟು, ತೆಗೆದು ಬಂದದ್ದು.